ಚಕ್ಕೆಯನ್ನು ಕರೆದುಕೊಂಡು ಹೋಗು

ಬುಧವಾರ, ಫೆಬ್ರವರಿ ೯

ಮಗನಂಥ ಅಳಿಯನಿಗೆ ನಿನ್ನ ಅತ್ತೆಯ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಚೆನ್ನಾಗಿದ್ದೇವೆ. ನೀವಿಬ್ಬರೂ ಅಲ್ಲಿ ಚೆನ್ನಾಗಿದ್ದೀರಿ ಎಂದುಕೊಂಡಿದ್ದೇನೆ. ಮೊದಲು 'ಅಳಿಯಂದಿರಿಗೆ' ಎಂದು ಬಹುವಚನ ಹಾಕಿ ಶುರು ಮಾಡಿದ್ದೆ. ನನಗೇ ನಗು ಬಂದು ಆ ಹಾಳೆ ಹರಿದು ಹಾಕಿದೆ. ಮೀಸೆ ಚಿಗುರುವ ಮೊದಲೇ ನಮ್ಮ ಸಾಣೆಮನೆಗೆ ಕೆಲಸ ಕಲಿಯಲು ಬಂದವನು ನೀನು. ಹರಳನ್ನು ಕಡ್ಡಿಗೆ ಅಂಟಿಸುವ ಬಿಸಿ ಅರಗು ಬೆರಳಿಗೆ ತಾಗಿಸಿಕೊಂಡು, ಕುಣಿಯುತ್ತಾ ನನ್ನ ಅಡುಗೆಮನೆಗೆ ನುಗ್ಗಿ, ಕುಡಿಯುವ ನೀರಿನ ಕೊಡಕ್ಕೇ ಕೈ ಅದ್ದಿದವನಿಗೆ ಎಲ್ಲಿಯ ಬಹುವಚನ?

ನಿನ್ನ ಕಾಗದ ಬಂದು ತಿಂಗಳು ದಾಟಿತು. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕೆಲಸ ಬಹಳ ಇತ್ತು ಎಂದು ಬರೆದರೆ ನೀನು ನಂಬುವವನಲ್ಲ. ಬರೆಯಲು ಮನಸ್ಸಿರಲಿಲ್ಲ, ಅಷ್ಟೇ. ನೀನು ಕೇಳಿದ್ದು ಒಂದೇ ಮಾತು: 'ಅತ್ತೆ, ಈಗ ನನಗೂ ಒಂದು ಮನೆ ಅಂತ ಆಯಿತು. ಮಗುವನ್ನು ಕರೆದುಕೊಂಡು ಹೋಗಲೇ?' ಅದಕ್ಕೆ ಹೌದು ಎಂದಾದರೂ ಬರೆಯಬೇಕು, ಇಲ್ಲ ಎಂದಾದರೂ ಬರೆಯಬೇಕು. ದಿನಾ ಪೆನ್ನು ಹಿಡಿದು ಕೂರುತ್ತಿದ್ದೆ, ಎರಡೂ ಬರೆಯಲಾಗದೆ ಏಳುತ್ತಿದ್ದೆ.

ಮೊದಲು ನಿನ್ನನ್ನು ಚೆನ್ನಾಗಿ ಬೈದೆ ಅನ್ನು. ಮನಸ್ಸಿನಲ್ಲಿ ಅಲ್ಲ, ಬಾಯಿಬಿಟ್ಟೇ ಬೈದೆ. ಕೆಳಗೆ ಸಾಣೆ ಹಿಡಿಯುತ್ತಾ ಒಕ್ಕಣ್ಣ ಮಾವ ಕೂತಿದ್ದ, ಅವನ ಮುಂದೆ. (ಅವನ ಎರಡು ಕಣ್ಣೂ ನಮ್ಮೆಲ್ಲರಿಗಿಂತ ಚೆನ್ನಾಗಿವೆ ಎಂಬುದು ನಿನ್ನ ಹೆಂಡತಿಗೆ ಗೊತ್ತಿರಲಿಕ್ಕಿಲ್ಲ, ಹೇಳು. ಭೂತಗನ್ನಡಿ ಹಿಡಿದೂ ಹಿಡಿದೂ ಒಂದು ಕಣ್ಣು ಮುಚ್ಚುವುದೇ ಅವನಿಗೆ ಅಭ್ಯಾಸವಾಗಿಬಿಟ್ಟಿದೆ. ಊಟಕ್ಕೆ ಕೂತಾಗಲೂ ಹಾಗೇ ತಟ್ಟೆ ನೋಡುತ್ತಾನೆ.) "ನೋಡು ಮಾವ, ಹೊಸ ಹೆಂಡತಿ ಬಂದಳು, ಹಳೇದೆಲ್ಲ ನೆನಪಾಯ್ತು ಅವನಿಗೆ. ಇಷ್ಟು ವರ್ಷ ಯಾರು ಸಾಕಿದ್ದು?" ಎಂದೆ. ಅವನು ಕಡ್ಡಿಯನ್ನು ಸಾಣೆಯಿಂದ ಎತ್ತಲೂ ಇಲ್ಲ. "ಅವನ ಮಗು ಅವನು ಕೇಳಿದಾನೆ ಕಣಮ್ಮಾ. ನಿನ್ನ ಕಿವಿಯ ಓಲೆ ಬಿಚ್ಚಿಕೊಡು ಅಂದ ಹಾಗೆ ಆಡ್ತೀಯಲ್ಲ" ಎಂದ. ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಆಮೇಲೆ ಮಾತಾಡಲು ಬೇರೆ ಯಾರೂ ಇಲ್ಲದೆ ನಾನೇ ಹೋಗಿ ಮಾತಾಡಿಸಿದೆ.

ನೀನು ಈ ಬೀದಿ ಬಿಟ್ಟು ಹೋದದ್ದಕ್ಕೆ ನಾನು ಯಾವತ್ತೂ ದೂರಿದವಳಲ್ಲ. ನನ್ನ ಮಗಳು ಹೋದ ಮೇಲೆ ಕೆಳಗೆ ಸಾಣೆ ತಿರುಗಿದ ಸದ್ದಾದರೆ ಸಾಕು, ನೀನು ತುತ್ತು ಬಿಟ್ಟು ಏಳುತ್ತಿದ್ದೆ. ಕೈಯಲ್ಲಿ ಎಷ್ಟು ಒಳ್ಳೆ ಕೆಲಸವಿದ್ದರೂ ಇಲ್ಲಿ ನಿನ್ನಿಂದ ಒಂದು ಹರಳೂ ನೆಟ್ಟಗೆ ಬರುತ್ತಿರಲಿಲ್ಲ. ಅಲ್ಲಿ ಆಭರಣದ ಕಾರ್ಖಾನೆಯಲ್ಲಿ ಬಂಗಾರದೊಳಗೆ ಹರಳು ಕೂರಿಸುವ ಕೆಲಸ ಸಿಕ್ಕಿದಾಗ "ಹೋಗು, ಮಗು ನನ್ನ ಹತ್ತಿರ ಇರಲಿ" ಎಂದವಳು ನಾನೇ. ಕೆಲಸಗಾರರೆಲ್ಲ ಒಂದೇ ಕೋಣೆಯಲ್ಲಿ ಮಲಗುವ ಜಾಗಕ್ಕೆ ಆ ಪುಟ್ಟ ಕೂಸನ್ನು ನೀನು ಹೇಗೆ ಒಯ್ಯುತ್ತಿದ್ದೆ? ಈಗ ನಿನಗೆ ಎರಡು ಕೋಣೆಯ ಮನೆಯಾಗಿದೆ, ಹಿಂದೆಯೇ ಶಾಲೆ ಇದೆ, ಕಿಟಕಿ ತೆಗೆದರೆ ಮರ ಕಾಣುತ್ತದೆ ಎಂದು ಬರೆದಿದ್ದೀಯ. ಎಲ್ಲ ಓದಿದೆ. 'ಇಲ್ಲಿ ಧೂಳಿಲ್ಲ ಅತ್ತೆ' ಎಂದು ಕೊನೆಯಲ್ಲಿ ಬರೆದಿದ್ದೀಯಲ್ಲ, ಅದನ್ನು ಮಾತ್ರ ಬಹಳ ಸಲ ಓದಿದೆ.

ಇಲ್ಲಿಯ ಸುದ್ದಿ ಹೇಳುತ್ತೇನೆ. ಕೇಳಿದರೆ ನಗುತ್ತೀಯ. ನಿನ್ನ ಅತ್ತೆ ಜೋಡಿ ತಪ್ಪಿಸಿದಳು!

ನಿನ್ನ ಕಾಗದ ಬಂದ ದಿನವೇ ಅದು. ಓಲೆಗೆಂದು ಒಂದು ಪೊಟ್ಟಣ ಕೆಂಪು ಹರಳು ಬಂದಿತ್ತು, ಒಕ್ಕಣ್ಣ ಮಾವನೇ ಕೊಯ್ದು ಮೆರುಗು ಕೊಟ್ಟದ್ದು. ಬಣ್ಣ, ಗಾತ್ರ, ಒಳಗಿನ ಬೆಳಕು ಎಲ್ಲ ಹೊಂದಿಸಿ ಎರಡೆರಡಾಗಿ ಕೂಡಿಸಿ ಇಟ್ಟೆ. ನಾನು ಹೇಗೆ ಕೂಡಿಸುತ್ತೇನೆಂದು ನಿನಗೆ ಗೊತ್ತು. ಮೊದಲು ಉತ್ತರದ ಕಿಟಕಿಯ ಬೆಳಕಿನಲ್ಲಿ ನೋಡಬೇಕು. ಆಮೇಲೆ ಕಿಟಕಿ ಮುಚ್ಚಿ, ದೀಪ ಹಾಕಿ ಇನ್ನೊಮ್ಮೆ ನೋಡಬೇಕು. ಹಗಲಲ್ಲಿ ಒಂದೇ ತಾಯಿಯ ಮಕ್ಕಳ ಹಾಗೆ ಕಾಣುವ ಎರಡು ಕೆಂಪು ಹರಳುಗಳಲ್ಲಿ, ದೀಪದಡಿ ಒಂದು ಕೆಂಡವಾಗುತ್ತದೆ, ಇನ್ನೊಂದು ಕಂದಿ ಇಟ್ಟಿಗೆಯಾಗುತ್ತದೆ. ಆವತ್ತು ಕಿಟಕಿಯಲ್ಲಿ ನೋಡಿದೆ, ಕಾಗದ ಓದಿದೆ, ಪೊಟ್ಟಣ ಮಡಚಿ ಕಳಿಸಿಬಿಟ್ಟೆ. ದೀಪ ಹಾಕುವುದು ಮರೆತೇ ಹೋಯಿತು. ಹೀಗೆ ಮರೆತೆನೆಂದು ನನಗೆ ಗೊತ್ತೂ ಆಗಲಿಲ್ಲ.

ವಾರದ ಮೇಲೆ ಸಾಣೆಮನೆಯ ಮಾಲೀಕರು ಪೊಟ್ಟಣವನ್ನು ತಾವೇ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಅವರ ಹೊಟ್ಟೆಗೆ ಆ ಮೆಟ್ಟಿಲು ಎಷ್ಟು ಕಷ್ಟ ಎಂದು ನಿನಗೆ ಗೊತ್ತಲ್ಲ. ಏದುಸಿರು ಬಿಡುತ್ತಾ, ಬಯ್ಯಲೂ ಆಗದೆ ಸುಮ್ಮನಿರಲೂ ಆಗದೆ, "ಅಕ್ಕಾ, ಒಂದ್ಸಲ ಕಣ್ಣು ತೋರಿಸ್ಕೊಂಡು ಬನ್ನಿ" ಎಂದರು. ನನಗೆ ಉರಿದುಹೋಯಿತು. "ನನ್ನ ಕಣ್ಣಿಗೇನಾಗಿದೆ?" ಎಂದು ಕಿಟಕಿ ಮುಚ್ಚಿ ದೀಪ ಹಾಕಿದೆ. ಅವರು ಹೇಳಿದ್ದು ಸರಿಯಾಗಿತ್ತು. ಅಷ್ಟರಲ್ಲಿ ನಿನ್ನ ಮಗಳು ನನ್ನ ಕಂಕುಳಡಿಯಿಂದ ತಲೆ ತೂರಿಸಿ, ಆ ಕೆಂಪುಗಳನ್ನು ನೋಡಿ, "ಇವು ಅಕ್ಕ-ತಂಗಿ ಅಲ್ವೇ ಅಲ್ಲ. ಪಕ್ಕದ್ಮನೆಯೋರು!" ಎಂದಳು. ಮಾಲೀಕರಿಗೆ ನಕ್ಕು ನಕ್ಕು ಕೆಮ್ಮು ಬಂತು. "ಅಕ್ಕಾ, ನಿಮ್ಮ ಕಿಟಕಿಗೆ ವಾರಸುದಾರರು ಸಿಕ್ಕಿದ್ರು ಬಿಡಿ. ಇನ್ನೊಂದು ಹತ್ತು ವರ್ಷ, ಇವಳನ್ನೇ ಕೂರಿಸೋಣ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ನಾನೂ ನಕ್ಕೆ. ಅವರು ಹೋದ ಮೇಲೆ ಕುಳಿತು ಎಲ್ಲವನ್ನೂ ಮತ್ತೆ ಮೊದಲಿನಿಂದ ಕೂಡಿಸಿದೆ.

ಅವಳಿಗೆ ಕಣ್ಣಿದೆ, ಸುಳ್ಳಲ್ಲ. ಒಕ್ಕಣ್ಣ ಮಾವ ಅವಳಿಗೆ ಚಕ್ಕೆ ಎಂದು ಹೆಸರಿಟ್ಟನಲ್ಲ, ಕೊಯ್ಯುವಾಗ ಹಾರುವ ಚೂರಿನಂತೆ ಎಲ್ಲೆಂದರಲ್ಲಿ ಸಿಕ್ಕುತ್ತಾಳೆ ಎಂದು, ಈಗ ಬೀದಿಗೆ ಬೀದಿಯೇ ಹಾಗೆ ಕರೆಯುತ್ತದೆ. ನಿಜವಾದ ಹೆಸರು ಶಾಲೆಗೆ ಸೇರಿಸುವಾಗ ನೀನೇ ನೆನಪು ಮಾಡಿ ಹೇಳಬೇಕು. ಕೆಳಗೆ ಬಿದ್ದ ಚೂರುಗಳನ್ನು ಆರಿಸಿ ತಂದು, ನಾಲಿಗೆಯಲ್ಲಿ ನೆಕ್ಕಿ ಬಣ್ಣ ನೋಡಿ, ಮೆಟ್ಟಿಲಿಗೆ ಒಂದೊಂದು ಸಂಸಾರ ಅಂತ ಮಾಡಿ ಇಡುತ್ತಾಳೆ. ರಾತ್ರಿ ನಾನು ಕಾಲಿಟ್ಟರೆ ಒಂದು ಇಡೀ ಮನೆತನ ಜಾರಿ ಬೀಳುತ್ತದೆ. ಬೈದರೆ, "ನೀನು ದೀಪ ಹಾಕಿ ನಡೀಬೇಕಿತ್ತು" ಎನ್ನುತ್ತಾಳೆ. ಆ ಪೊಟ್ಟಣದ ಮಾತನ್ನು ಅವಳು ಬಿಟ್ಟಿಲ್ಲ ನೋಡು.

ಅವಳಿಗೆ ಕಣ್ಣಿದೆ ಎಂದು ಎಲ್ಲರೂ ಹೊಗಳುತ್ತಾರೆ, ನನಗೆ ಮಾತ್ರ ಅದನ್ನು ಕೇಳಲಾಗುವುದಿಲ್ಲ. ನನ್ನ ಮಗಳನ್ನೂ ಹೀಗೇ ಹೊಗಳಿದರು. ಹೆಣ್ಣುಮಗು, ಎಂಥ ಕೈ, ಎಂಥ ಕೈ ಎಂದು ಒಣ ಸಾಣೆಯ ಮುಂದೆ ಕೂರಿಸಿದರು. ಧೂಳು ಹಾರಿ ಪಕ್ಕದವರಿಗೆ ಹೋಗಬಾರದೆಂದು ಬಾಗಿಲು ಮುಚ್ಚಿದ ಕೋಣೆ. ಸಂಜೆ ಮೇಲೆ ಬಂದಾಗ ಅವಳ ರೆಪ್ಪೆ, ಹುಬ್ಬು, ಕಿವಿಯ ಮೇಲಿನ ರೋಮ ಎಲ್ಲ ಬೆಳ್ಳಗಿರುತ್ತಿದ್ದವು. ಆಗ ನಾವೆಲ್ಲ ಅದನ್ನು ನೋಡಿ ತಮಾಷೆ ಮಾಡುತ್ತಿದ್ದೆವು, ನೀನೂ ಮಾಡುತ್ತಿದ್ದೆ. ಅದು ಒಳಗೂ ಹೋಗಿ ಕೂರುತ್ತದೆಂದು ಈ ಬೀದಿಯಲ್ಲಿ ಯಾರು ತಿಳಿದುಕೊಂಡಿದ್ದರು?

ಹೋದ ತಿಂಗಳು ಒಂದು ಮಧ್ಯಾಹ್ನ ಮಗು ಕಾಣಲಿಲ್ಲ. ಕೂಗಿದೆ, ಓಗೊಡಲಿಲ್ಲ. ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ದಡದಡ ಸದ್ದು. ಬಾಗಿಲಲ್ಲಿ ನಿಂತಿದ್ದಾಳೆ, ತಲೆಯಿಂದ ಕಾಲಿನ ತನಕ ಬಿಳಿ. ಎದುರಿನ ಸಾಣೆಯ ಕೋಣೆಗೆ ನುಗ್ಗಿ ಅಲ್ಲಿಯ ಹೆಂಗಸರ ಮಧ್ಯೆ ಕೂತಿದ್ದಳಂತೆ. ಸೊಂಟ ಬಗ್ಗಿಸಿ, ಕೈಯಲ್ಲಿ ಕೋಲು ಹಿಡಿದವಳ ಹಾಗೆ ನಡೆದು, "ನೋಡು, ನಾನು ಮುದುಕಿ ಆದೆ" ಎಂದಳು. ರೆಪ್ಪೆ ಬೆಳ್ಳಗಿತ್ತು ಕಣಪ್ಪಾ. ಹಾಗೇ ಎತ್ತಿಕೊಂಡು ಹೋಗಿ ಬಚ್ಚಲಲ್ಲಿ ಕೂರಿಸಿ ನೀರು ಹೊಯ್ದೆ. ಮೂಗು, ಬಾಯಿ, ಕಿವಿ ಎಲ್ಲ ತಿಕ್ಕಿದೆ. ಉಜ್ಜಿದ್ದೇ ಉಜ್ಜಿದ್ದು. ಅವಳು ಕಿರುಚಿ ಕಿರುಚಿ ಅತ್ತಳು, ನಾನೂ ಅತ್ತೆ, ಯಾರು ಯಾಕೆ ಅಳುತ್ತಿದ್ದೇವೆಂದು ಇಬ್ಬರಿಗೂ ಗೊತ್ತಾಗಲಿಲ್ಲ. ಕೆಳಗಿನಿಂದ ಒಕ್ಕಣ್ಣ ಮಾವ "ಏನಮ್ಮಾ ಅದು, ಮಗೂನ ಒಗೀತಾ ಇದೀಯಾ?" ಎಂದು ಕೂಗಿದ.

ಮಾರನೆಯ ದಿನ ಅವಳಿಗೆ ಕೆಮ್ಮು. ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದೆ. ನನ್ನ ಮಗಳನ್ನು ನೋಡಿದ ಡಾಕ್ಟರೇ. ಎದೆಗೆ, ಬೆನ್ನಿಗೆ ಇಟ್ಟು ನೋಡಿದರು. ಬಹಳ ಹೊತ್ತು ನೋಡಿದರು ಎಂದು ನನಗೆ ಅನಿಸಿತು. "ಎದೆ ಚೆನ್ನಾಗಿದೆ. ಇದು ನೆಗಡಿ ಅಷ್ಟೇ. ತಣ್ಣೀರು ಹಾಕಿ ನೆನೆಸಿದ್ರಾ?" ಎಂದು ಕೇಳಿದರು. ಆಮೇಲೆ ಚಕ್ಕೆಯನ್ನು ಹೊರಗೆ ತೂಕದ ಯಂತ್ರದ ಮೇಲೆ ಆಡಲು ಬಿಟ್ಟು, "ಅಮ್ಮಾ, ಈಗ ಏನೂ ಇಲ್ಲ. ಆದ್ರೆ ಆ ಬೀದಿ ಆ ಬೀದಿನೇ. ಬೇರೆ ಕಡೆ ಇರೋಕೆ ಜಾಗ ಇದೆಯಾ ಮಗೂಗೆ?" ಎಂದರು. ನಾನು ಇಲ್ಲ ಎಂದೆ. ನಿನ್ನ ಕಾಗದ ಆಗ ನನ್ನ ಕೈಚೀಲದಲ್ಲೇ ಇತ್ತು. ಮನೆಗೆ ಬರುವ ದಾರಿಯುದ್ದಕ್ಕೂ ಅವಳು ನನ್ನ ಹೆಗಲ ಮೇಲೆ ನಿದ್ದೆ ಮಾಡಿದಳು, ನಾನು ನಿಧಾನವಾಗಿ ಸುತ್ತು ಹಾಕಿಕೊಂಡು ನಡೆದೆ.

ಇಷ್ಟಾದರೂ ನಾನು ನಿನಗೆ ಬರೆಯಲಿಲ್ಲ. ಬರೆಯದೇ ಇದ್ದುಬಿಡುತ್ತಿದ್ದೆನೋ ಏನೋ. ಆಮೇಲೆ ನಿನ್ನ ಹೆಂಡತಿ ಬಂದಳು.

ನಿನಗೆ ಹೇಳಿದ್ದಾಳೋ ಇಲ್ಲವೋ ನನಗೆ ಗೊತ್ತಿಲ್ಲ. ಅಕ್ಕನ ಮನೆಗೆ ಹೋಗುತ್ತೇನೆಂದು ನಿನಗೆ ಹೇಳಿ ಬಂದಿದ್ದಳಂತೆ. ಹೇಳದಿದ್ದರೆ ಈಗ ಗೊತ್ತಾಯಿತು, ಬೈಯಬೇಡ. ಬೈದೆ ಎಂದು ಕಿವಿಗೆ ಬಿದ್ದರೆ ನಾನೇ ಅಲ್ಲಿಗೆ ಬಂದು ನಿನ್ನ ಕಿವಿ ಹಿಂಡುತ್ತೇನೆ. ಬಾಗಿಲಲ್ಲಿ ನಿಂತು, "ನಾನು... ನಿಮ್ಮ ಅಳಿಯನ..." ಎಂದು ಅರ್ಧಕ್ಕೆ ನಿಲ್ಲಿಸಿದಳು. ಬಾಕಿ ಅರ್ಧ ನಾನು ಹೇಳಿಕೊಡಲಿಲ್ಲ. ಒಳಗೆ ಬಾ ಎಂದೆ, ಕೂರು ಎನ್ನಲಿಲ್ಲ. ಚಹಾ ಮಾಡಿದೆ, ಸಕ್ಕರೆ ಎಷ್ಟು ಎಂದು ಕೇಳಲಿಲ್ಲ. ಅಷ್ಟು ಕೆಟ್ಟವಳಾಗಿದ್ದೆ. ಅವಳು ಕಪ್ಪಗಿರಬೇಕು, ಬೆಳ್ಳಗಿರಬೇಕು, ಜಂಬದವಳಾಗಿರಬೇಕು, ಏನಾದರೂ ಒಂದು ಸಿಕ್ಕಲಿ ಎಂದು ಭೂತಗನ್ನಡಿ ಹಿಡಿದವಳ ಹಾಗೆ ಹುಡುಕಿದೆ. ಬಟ್ಟೆ ಹೊಲಿಯುವವಳು, ಬೆರಳ ತುದಿಯಲ್ಲಿ ಸೂಜಿ ಚುಚ್ಚಿದ ಗುರುತು, ಕುಪ್ಪಸದ ಮೇಲೆ ಬಿಡಿಸಿಕೊಳ್ಳಲು ಮರೆತ ಒಂದು ನೂಲಿನ ಎಳೆ. ಸಿಕ್ಕಿದ್ದು ಅಷ್ಟೇ.

ಚಕ್ಕೆ ಸುಮ್ಮನಿರುತ್ತಾಳೆಯೇ? ಮನೆಗೆ ಯಾರು ಬಂದರೂ ಅವಳದೊಂದು ಪರೀಕ್ಷೆ ಇದೆ. ಒಂದು ನೀಲಿ ಹರಳಿನ ಚೂರು, ಒಂದು ನೀಲಿ ಗಾಜಿನ ಚೂರು ಅಂಗೈಯಲ್ಲಿಟ್ಟು "ಯಾವುದು ನಿಜ?" ಎಂದು ಕೇಳುತ್ತಾಳೆ. ಈ ಬೀದಿಯವರಾದರೆ ಎರಡನ್ನೂ ತುಟಿಗೆ ಮುಟ್ಟಿಸಿ ಹೇಳಿಬಿಡುತ್ತಾರೆ, ತಣ್ಣಗಿದ್ದದ್ದು ಹರಳು. ನಿನ್ನ ಹೆಂಡತಿಗೆ ಇದೆಲ್ಲ ಎಲ್ಲಿ ಗೊತ್ತು? ಬೆಳಕಿಗೆ ಹಿಡಿದು, ತಿರುಗಿಸಿ, ಬಹಳ ಯೋಚನೆ ಮಾಡಿ, ಹೆಚ್ಚು ಥಳಥಳ ಅನ್ನುವುದನ್ನು ಎತ್ತಿಕೊಂಡು "ಇದೇ ನಿಜ" ಎಂದಳು. ಗಾಜು! ನಿನ್ನ ಮಗಳು ನೆಲದ ಮೇಲೆ ಬಿದ್ದು ಹೊರಳಾಡಿ ನಕ್ಕಳು. "ಅಯ್ಯೋ, ಇವ್ರಿಗೆ ಏನೂ ಗೊತ್ತಿಲ್ಲ, ಏನೂ ಗೊತ್ತಿಲ್ಲ" ಎಂದು ಕೆಳಗೆ ಒಕ್ಕಣ್ಣ ಮಾವನಿಗೂ ಕೂಗಿ ಹೇಳಿದಳು. ನನಗೂ ಒಳಗೊಳಗೇ ಹಾಲು ಕುಡಿದಷ್ಟು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಅವಳು ಮುಖ ಸಣ್ಣ ಮಾಡಿಕೊಳ್ಳಲಿಲ್ಲ. ನೆಲದ ಮೇಲೆ ಕೂತು, "ನಂಗೆ ನಿಜವಾಗ್ಲೂ ಗೊತ್ತಿಲ್ಲ. ನೀನು ಹೇಳ್ಕೊಡ್ತೀಯಾ?" ಎಂದಳು. ಚಕ್ಕೆ ಸೊಂಟದ ಮೇಲೆ ಕೈಯಿಟ್ಟುಕೊಂಡು ಮೇಷ್ಟ್ರಾದಳು. "ಕಣ್ಣು ಮುಚ್ಚು. ತುಟಿಗೆ ಇಟ್ಕೋ. ನೆಕ್ಬೇಡ, ಸುಮ್ನೆ ಇಟ್ಕೋ. ಈಗ ಇನ್ನೊಂದು. ಯಾವುದು ತಣ್ಣಗಿದೆ?" ಆ ಹೆಂಗಸು ಕಣ್ಣು ಮುಚ್ಚಿ, ದೊಡ್ಡವರು ಮಕ್ಕಳನ್ನು ಆಡಿಸಲು ಮಾಡುವ ಹಾಗಲ್ಲ, ನಿಜವಾಗಿ ಕಲಿಯುವವಳ ಹಾಗೆ ಒಂದನ್ನು ಇಟ್ಟುಕೊಂಡಳು, ಇನ್ನೊಂದನ್ನು ಇಟ್ಟುಕೊಂಡಳು, ತಪ್ಪಿದಳು, ಇನ್ನೊಮ್ಮೆ ಇಟ್ಟುಕೊಂಡಳು. ಕೊನೆಗೆ "ಹೌದಲ್ವಾ! ಇದು ತಣ್ಣಗಿದೆ!" ಎಂದು ಕಣ್ಣು ಬಿಟ್ಟಾಗ ಚಕ್ಕೆ ಅವಳ ತೊಡೆಯ ಮೇಲೆ ಹತ್ತಿ ಕೂತಿದ್ದಳು. ಯಾವಾಗ ಹತ್ತಿದಳೋ ನಾನೂ ನೋಡಲಿಲ್ಲ.

ನನಗೆ ಹೊಟ್ಟೆಕಿಚ್ಚಾಯಿತು ಕಣೋ. ಅಷ್ಟು ಸುಲಭವಾಗಿ ಹತ್ತಿ ಕೂರಬಹುದೇ? ಎದ್ದು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದೆ. ನನ್ನ ಮಗಳು ಸತ್ತ ದಿನ ನನಗೆ ಹೇಗಾಗಿತ್ತೆಂದು ನಿನಗೆ ಗೊತ್ತು, ನೀನು ಪಕ್ಕದಲ್ಲೇ ಇದ್ದೆ. ಅದನ್ನು ದೇವರು ಕಸಿದುಕೊಂಡ ಎಂದು ಬೈದಾದರೂ ಬದುಕಿದೆ. ಇದನ್ನು ಯಾರಿಗೆ ಬೈಯಲಿ? ನನ್ನ ಕೈಯಾರೆ ಕೊಡಬೇಕು, ಕೊಡುವಾಗ ಮುಖ ನಗುತ್ತಿರಬೇಕು. ಒಳ್ಳೆಯವಳ ಕೈಗೆ ಕೊಡುತ್ತಿದ್ದೇನೆಂದು ಸಂತೋಷವನ್ನೂ ಪಡಬೇಕು. ಅವಳು ಕೆಟ್ಟವಳಾಗಿದ್ದರೆ ನನಗೆ ಎಷ್ಟು ಸುಲಭವಾಗುತ್ತಿತ್ತು! ನಿನ್ನ ಕಾಗದಕ್ಕೆ 'ಇಲ್ಲ' ಎಂದು ಎರಡೇ ಅಕ್ಷರ ಬರೆದು ಮುಗಿಸುತ್ತಿದ್ದೆ.

ಇಲ್ಲಿಗೆ ನಿಲ್ಲಿಸಿ ಚಕ್ಕೆಗೆ ಊಟ ಮಾಡಿಸಿ ಬಂದೆ. ಈಗ ಮಲಗಿದ್ದಾಳೆ. ಮಧ್ಯಾಹ್ನ ಮಲಗುವವಳಲ್ಲ, ಇವತ್ತು ತಾನಾಗಿಯೇ ನಿದ್ದೆ ಹೋದಳು.

ಹಾಗಾಗಿ ನನ್ನ ಉತ್ತರ ಇದು: ಬಂದು ಚಕ್ಕೆಯನ್ನು ಕರೆದುಕೊಂಡು ಹೋಗು. ಬರುವ ಭಾನುವಾರವೇ ಬಾ. ಶಾಲೆ ಶುರುವಾಗಲಿ, ಬೇಸಿಗೆ ಕಳೆಯಲಿ ಎಂದು ನಾನೇ ಮುಂದಕ್ಕೆ ಹಾಕುವವಳು, ನನ್ನ ಮಾತು ಕೇಳಬೇಡ. ಅವಳಿಗೆ ಹೇಳಿಯಾಗಿದೆ. 'ಅಪ್ಪನ ಮನೇಲಿ ಮರ ಇದೆಯಂತೆ, ಕಿಟಕಿಯಿಂದ ಕಾಣುತ್ತಂತೆ' ಎಂದೆ. "ಎಷ್ಟು ದಿನಕ್ಕೆ?" ಎಂದು ಕೇಳಿದಳು. ನಾನು ಆ ಪ್ರಶ್ನೆ ಕೇಳಿಸದವಳ ಹಾಗೆ ಅವಳ ಲಂಗ ಮಡಚಿದೆ. ಅದಕ್ಕೆ ಉತ್ತರ ನೀನು ಅಲ್ಲಿಗೆ ಹೋದ ಮೇಲೆ ನಿಧಾನವಾಗಿ ಹೇಳು. ನಾನು ಹೇಳಿದರೆ ಇಲ್ಲಿಯೇ ಮೆಟ್ಟಿಲ ಕಂಬಿ ಹಿಡಿದು ಕೂರುತ್ತಾಳೆ, ಆಮೇಲೆ ಆ ಬೆರಳು ಬಿಡಿಸಲು ನನ್ನಿಂದ ಆಗುವುದಿಲ್ಲ.

ನಿನ್ನ ಹೆಂಡತಿಗೆ ಕೆಲವು ಮಾತು ಹೇಳು. ಏನು ಸಿಕ್ಕರೂ ಇವಳು ಮೊದಲು ನೆಕ್ಕಿ ನೋಡುತ್ತಾಳೆ. ಇಲ್ಲಿ ಎಲ್ಲರೂ ಕಲ್ಲನ್ನು ಹಾಗೆ ನೋಡುವುದರಿಂದ ಬಂದ ಚಾಳಿ, ಹೊಲಿಗೆಯ ಗುಂಡಿಗಳನ್ನು ಕೈಗೆ ಸಿಗದಂತೆ ಮೇಲಿಡಲಿ. ನಿದ್ದೆಯಲ್ಲಿ ಹೊದಿಕೆ ಒದೆಯುತ್ತಾಳೆ, ಎಷ್ಟು ಹೊದಿಸಿದರೂ ಒದೆಯುತ್ತಾಳೆ, ಸುಮ್ಮನೆ ಕಾಲಿಗೆ ಕಾಲುಚೀಲ ಹಾಕಿದರೆ ಸಾಕು. ಇಲ್ಲಿ ಸಾಣೆಯ ಸದ್ದಿನಲ್ಲೇ ಮಲಗಿ ಅಭ್ಯಾಸ, ಅಲ್ಲಿ ನಿಶ್ಶಬ್ದಕ್ಕೆ ಹೆದರಿ ಏಳಬಹುದು. ಆಗ ಹೊಲಿಗೆ ಯಂತ್ರವನ್ನು ಸ್ವಲ್ಪ ಹೊತ್ತು ತುಳಿಯಲಿ, ಅದೂ ಹೆಚ್ಚುಕಡಿಮೆ ಅದೇ ಸದ್ದು. ಇನ್ನು ಒಂದು ಮಾತು ನಿನಗೆ. ಅವಳಿಗೆ ಕಣ್ಣಿದೆ ಎಂದು ಖುಷಿಪಟ್ಟು ಕಾರ್ಖಾನೆಗೆ ಕರೆದುಕೊಂಡು ಹೋಗಿ ಯಾರಿಗೂ ತೋರಿಸಬೇಡ. ಆ ಕಣ್ಣಿನಲ್ಲಿ ಅಕ್ಷರ ನೋಡಲಿ, ಮರ ನೋಡಲಿ. ಬಣ್ಣದ ನೂಲು ಹೊಂದಿಸಲಿ ಬೇಕಾದರೆ.

ನನ್ನ ಬಗ್ಗೆ ಚಿಂತೆ ಮಾಡಬೇಡ. 'ನೀವೂ ಬಂದುಬಿಡಿ ಅತ್ತೆ' ಎಂದು ನೀನು ಬಾಯಿಮಾತಿಗೆ ಬರೆದದ್ದಲ್ಲ ಎಂದು ಗೊತ್ತು. ಹೊಸದಾಗಿ ಸಂಸಾರ ಹೂಡಿದವಳ ಅಡುಗೆಮನೆಯಲ್ಲಿ ಸತ್ತುಹೋದವಳ ತಾಯಿ ನಿಂತುಕೊಂಡರೆ ಆ ಹುಡುಗಿ ಉಸಿರಾಡುವುದಾದರೂ ಹೇಗೆ? ನನಗೆ ಕಿಟಕಿ ಇದೆ, ಕೆಲಸ ಇದೆ, ಜಗಳಕ್ಕೆ ಒಕ್ಕಣ್ಣ ಮಾವ ಇದ್ದಾನೆ. ರಜೆಯಲ್ಲಿ ಮಗುವನ್ನು ಕಳಿಸಬೇಡ, ಇಲ್ಲಿಯ ಧೂಳು ರಜೆ ತೆಗೆದುಕೊಳ್ಳುವುದಿಲ್ಲ. ನೋಡಬೇಕೆನಿಸಿದರೆ ನಾನೇ ಬಂದು ನೋಡಿ, ಸಂಜೆಯ ಬಸ್ಸಿಗೆ ವಾಪಸಾಗುತ್ತೇನೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇತ್ತು, ಈಗ ಇಲ್ಲ. ನನ್ನ ಮಗಳ ಕೊನೆಯ ದಿನಗಳಲ್ಲಿ ಅವಳಿಗೆ ಉಸಿರು ಸಿಗಲೆಂದು ರಾತ್ರಿಯೆಲ್ಲ ನಿನ್ನ ಎದೆಗೆ ಒರಗಿಸಿಕೊಂಡು ಕೂರುತ್ತಿದ್ದವನು ನೀನು. ಅಂಥವನಿಗೆ ಮತ್ತೊಂದು ಮನೆ ಆಗಬಾರದೆಂದು ಯಾವ ಬಾಯಲ್ಲಿ ಹೇಳಲಿ? ನೀವು ಮೂವರೂ ನೂರು ಕಾಲ ಒಟ್ಟಿಗೆ ಬಾಳಿ. ನಿಮ್ಮ ಮನೆಯಲ್ಲಿ ಯಾರೂ ಕೆಮ್ಮದಿರಲಿ. ಈ ಮುದುಕಿಯಿಂದ ಅದಕ್ಕಿಂತ ದೊಡ್ಡ ಹರಕೆ ಬರುವುದಿಲ್ಲ.

ಇಂತಿ,
ನಿನ್ನ ಅತ್ತೆ

ಮತ್ತೆ: ಬರೆಯಲು ಮರೆತಿದ್ದೆ ಎನ್ನಲಾರೆ. ಮರೆತಿರಲಿಲ್ಲ, ಬರೆಯುವುದೋ ಬೇಡವೋ ಎಂದು ಬಿಟ್ಟಿದ್ದೆ.

ಚಕ್ಕೆ ನನ್ನನ್ನು ಅಮ್ಮ ಎಂದು ಕರೆಯುತ್ತಾಳೆ. ನೀನೂ ಕೇಳಿದ್ದೀಯ. ಬಂದಾಗಲೆಲ್ಲ ಆ ಮಾತು ಬಂದ ಕೂಡಲೇ ನೀನು ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗುತ್ತಿದ್ದೆ, ನಾನು ಒಲೆಯ ಕಡೆ ತಿರುಗುತ್ತಿದ್ದೆ. ಮಾತು ಬರುವ ವಯಸ್ಸಿನಲ್ಲಿ ಯಾರನ್ನಾದರೂ ಹಾಗೆ ಕರೆಯಬೇಕಲ್ಲ, ನಾನು ಎದುರಿಗಿದ್ದೆ, ಓಗೊಟ್ಟೆ. ಅವಳಿಗೆ ಬೇರೆ ಅಮ್ಮ ಗೊತ್ತಿಲ್ಲ.

ನಿನ್ನ ಹೆಂಡತಿ ಬಂದ ದಿನ ಬಾಗಿಲು ತೆಗೆದವಳು ಚಕ್ಕೆ. "ಅಮ್ಮಾ, ಯಾರೋ ಬಂದಿದಾರೆ" ಎಂದು ಕೂಗಿದಳು. ಅದನ್ನು ಕೇಳಿ ಆ ಹುಡುಗಿಯ ಮುಖ ಹೇಗಾಯಿತೆಂದು ನಾನು ನೋಡಿದೆ. ಹೊರಡುವಾಗ ಮೆಟ್ಟಿಲ ಕೆಳಗೆ ನಿಂತು ಕೇಳಿದಳು, "ನನ್ನನ್ನ ಏನಂತ ಕರೀಬೇಕು ಅಂತ ನೀವೇ ಹೇಳ್ಕೊಡಿ. ಚಿಕ್ಕಮ್ಮ ಅಂದ್ರೂ ಸಾಕು ನಂಗೆ." ಸಾಕು ಅಂದಳಲ್ಲ, ಆ ಮಾತು ನನ್ನನ್ನು ಬಿಡಲಿಲ್ಲ. ಶಾಲೆಯಿಂದ ಓಡಿಬಂದ ಮಗು ಬಾಗಿಲಲ್ಲಿ ಅಮ್ಮಾ ಎಂದು ಕೂಗಿದರೆ ಒಳಗಿನಿಂದ ಓ ಎನ್ನಲು ಒಬ್ಬರು ಇರಬೇಕು. ಅದನ್ನು ನಾನು ಇಲ್ಲಿ ಇಟ್ಟುಕೊಂಡು ಕೂತರೆ ಅವಳಿಗೆ ಅಲ್ಲಿ ಏನು ಉಳಿಯಿತು?

ಅದಕ್ಕೇ ಕಲಿಸಲು ಶುರು ಮಾಡಿದೆ. "ನಾನು ಅಜ್ಜಿ" ಎಂದೆ. "ಅಲ್ಲ, ನೀನು ಅಮ್ಮ" ಎಂದಳು. ಎಷ್ಟು ಹೇಳಿದರೂ ಅಷ್ಟೇ. ಕೊನೆಗೆ ಬೇರೆ ದಾರಿ ಕಾಣದೆ, ಅವಳು ಅಮ್ಮಾ ಎಂದರೆ ಓಗೊಡುವುದನ್ನು ನಿಲ್ಲಿಸಿದೆ. ತಲೆ ತಗ್ಗಿಸಿ ಹರಳು ಹೊಂದಿಸುತ್ತಾ ಕೂತೆ. ಹಾಲು ಬೇಕೆಂದು ಕರೆದಳು. ಜುಟ್ಟು ಬಿಚ್ಚಿತೆಂದು ಕರೆದಳು. ಮೊದಲು ಆಟ ಎಂದುಕೊಂಡಳು, ಆಮೇಲೆ ನನಗೆ ಕಿವಿ ಕೇಳಿಸುತ್ತಿಲ್ಲ ಎಂದುಕೊಂಡು ಹತ್ತಿರ ಬಂದು ಕಿವಿಯಲ್ಲೇ ಕೂಗಿದಳು. ನಿನ್ನೆ ಮೊಣಕಾಲು ತರಚಿಕೊಂಡು ನನ್ನ ಬೆನ್ನ ಹಿಂದೆ ನಿಂತು ಅಮ್ಮಾ, ಅಮ್ಮಾ ಎಂದು ಅತ್ತಳು. ನಾನು ತಿರುಗಲಿಲ್ಲ. ಕೈಯಲ್ಲಿದ್ದ ಚಿಮಟದಿಂದ ಹರಳು ಎಲ್ಲೋ ಸಿಡಿಯಿತು, ಆದರೂ ತಿರುಗಲಿಲ್ಲ.

ಇವತ್ತು ಬೆಳಿಗ್ಗೆ ಅವಳು ಕಿಟಕಿಯ ಹತ್ತಿರ ಬಂದು, ಬಹಳ ಮೆಲ್ಲಗೆ "ಅಜ್ಜೀ" ಎಂದಳು. ನಾನು ಓ ಎಂದೆ. ಅವಳ ಮುಖ ಅರಳಿತು. ಮತ್ತೆ ಸುಮ್ಮಸುಮ್ಮನೆ ಕರೆದಳು, ನಾನು ಸುಮ್ಮಸುಮ್ಮನೆ ಓ ಎಂದೆ. ಈ ಕಾಗದ ಬರೆಯುತ್ತಾ ಕೂತಾಗಲೂ, ಊಟ ಮಾಡಿಸುವಾಗಲೂ, ನಿದ್ದೆ ಹತ್ತುವ ತನಕ ಅದೇ ಮಾತು. ಎಲ್ಲಿ ನಾನು ಮತ್ತೆ ಓಗೊಡುವುದು ಬಿಟ್ಟುಬಿಡುತ್ತೇನೋ ಎಂದು ನೋಡುತ್ತಿದ್ದಾಳೆ.

ಭಾನುವಾರ ತಪ್ಪಿಸಬೇಡ, ಬೇಗ ಬಾ. ಅವಳು ಮರೆತು ಇನ್ನೊಂದು ಸಲ ಅಮ್ಮಾ ಎಂದರೆ, ಸುಮ್ಮನಿರಲು ನನ್ನಿಂದ ಆಗುವುದಿಲ್ಲ.